ಬೀಸೂಕಲ್ಲಿನ ಗೂಟ, ಮೋಟರ್‌ಸೈಕಲ್ಲಿನ ಇಂಜಿನ್

ಬೀಸೂಕಲ್ಲಿನ ಗೂಟ ನಡುವಿಗೆ ಹತ್ತಿರ ಇದ್ರ ಕೈ ಸಣ್ಣ ಸುತ್ತು ತಿರಗ್ತದ, ದೂರ ಇದ್ರ ದೊಡ್ಡ ಸುತ್ತು. ಮೋಟರ್‌ಸೈಕಲ್ ಇಂಜಿನ್ನಿನ ಒಳಗೂ ಹಂಗ ಒಂದು ಚಕ್ರ, ಅದಕ್ಕೊಂದು ಗೂಟ ಇರ್ತದ. ಗೂಟ ದೂರ ಸರಿಸಿದ್ರ ಪಿಸ್ಟನ್ ಮ್ಯಾಲ-ಕೆಳಗ ಓಡಾಡೋ ದಾರಿ ಉದ್ದ ಆಗ್ತದ, ಗಾಳಿ-ಪೆಟ್ರೋಲ್ ಹೆಚ್ಚು ಹಿಡಸ್ತದ, ಶಕ್ತಿನೂ ಹೆಚ್ಚು. ಆ ದಾರಿಗೆ ಸ್ಟ್ರೋಕ್, ಇಂಥ ಇಂಜಿನ್ನಿಗೆ ಸ್ಟ್ರೋಕರ್ ಅಂತಾರ.

ಎರಡನೇ ಮಹಾಯುದ್ಧ ಮುಗಿದ ಮ್ಯಾಲ ಅಮೆರಿಕಾದ ಹಾರ್ಲೆ-ಡೇವಿಡ್‌ಸನ್ ಸವಾರರು ಇದನ್ನ ತಮ್ಮ ಶೆಡ್ಡಿನ್ಯಾಗ ಮಾಡ್ತಿದ್ರು. ಅದೇ ಕಂಪನಿಯ ಹಳೇ ಫ್ಲ್ಯಾಟ್‌ಹೆಡ್ ಇಂಜಿನ್ನಿನ ಚಕ್ರ ಬಿಚ್ಚಿ ಹೊಸಾದಕ್ಕ ಹಾಕಿದ್ರ, 1200 ಸಿಸಿ ಇದ್ದದ್ದು ಸುಮಾರು 1300 ಆಗ್ತಿತ್ತು. ಆದ್ರ ಚಕ್ರ ಬದಲಿಸಿದ್ರ ಕೆಲಸ ಮುಗೀಲಿಲ್ಲ. ಪಿಸ್ಟನ್ ಮ್ಯಾಲೆ ಬಡೀಬಾರ್ದು ಅಂತ ಸಿಲಿಂಡರಿನ ಕೆಳಗ ದಪ್ಪ ತಗಡು ಇಡಬೇಕು, ಇಲ್ಲಾ ಪಿಸ್ಟನ್ನೇ ಬ್ಯಾರೆ ಹಾಕಬೇಕು. ಪ್ರತಿ ಸುತ್ತಿಗೂ ಪಿಸ್ಟನ್ ಹೆಚ್ಚು ದೂರ ಓಡೋದ್ರಿಂದ ಸವೆತಾನೂ ಭಾಳ. ಕಾಲು ಮೈಲಿನ ಡ್ರ್ಯಾಗ್ ಪಂದ್ಯ ಕೆಲವೇ ಸೆಕೆಂಡಿಂದು, ಬೀದ್ಯಾಗ ಆದ್ರ ದಿನಾ ಓಡಬೇಕು. ಎರಡಕ್ಕೂ ತಾಳೋ ಇಂಜಿನ್ ಕಟ್ಟೂದೇ ಕಷ್ಟ.

1958ರಾಗ ಇಲಿನಾಯ್ ರಾಜ್ಯದಾಗ ಜಾರ್ಜ್ ಸ್ಮಿತ್, ಸ್ಟ್ಯಾನ್ಲಿ ಸ್ಟ್ಯಾಂಕೋಸ್ ಇಬ್ಬರೂ ಕೂಡಿ, ತಮ್ಮ ಅಡ್ಡಹೆಸರಿನ ಮೊದಲಕ್ಷರ ಹಿಡಿದು ಎಸ್ ಆ್ಯಂಡ್ ಎಸ್ ಅಂತ ಉದ್ಯೋಗ ಶುರು ಮಾಡಿದ್ರು. ಮೊದಲ ಮಾಡಿದ್ದು ಹಗುರಾದ ಪುಶ್‌ರಾಡ್. ಸ್ಟ್ಯಾಂಕೋಸ್ ಬಿಟ್ಟಾಗ ಆ ಪಾಲು ತಗೊಂಡಾಕಿ ಜಾರ್ಜನ ಹೆಂಡತಿ ಮಾರ್ಜೊರಿ. ಆಕೀದೂ ಸ್ಮಿತ್ ಅಲ್ಲೇನು, ಹೆಸರು ಬದಲಿಸೋ ಪ್ರಸಂಗನ ಬರಲಿಲ್ಲ! ಮುಂದ ಸ್ಟ್ರೋಕರ್ ಚಕ್ರನೂ ಅವರ ಮಾಡಿ ಮಾರಿದ್ರು. 1969ರಾಗ ವಿಸ್ಕಾನ್ಸಿನ್ನಿನ ವಯೋಲಾ ಅನ್ನೋ ಸಣ್ಣ ಊರಿಗೆ ಹೋದ್ರು.

ಇಂಜಿನ್ನಿನ ಇತಿಹಾಸ ಅಂದ್ರ ಬರೇ ಗಂಡಸರ ಹೆಸರು ಕೇಳಸ್ತಾವ. ಆ ಎರಡನೇ ಎಸ್ ಯಾರದು ಅಂತ ಯಾರರೆ ಕೇಳಿದ್ರ, ಮಾರ್ಜೊರೀದೂ ಹೌದು ಅಂತ ಹೇಳ್ರಿ.