ಅಕ್ಷರಗುಂಡಿನ ಅಂಚಿನಲ್ಲಿ: ‘ಉಭಯಸತ್ಯ’ದ ಒಂದು ವಿಚಾರ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವ ಬಂಡೆಗೆ ಊರವರು ಇಟ್ಟ ಹೆಸರು ಅಕ್ಷರಗುಂಡು. 1892ರಲ್ಲಿ ಬಿ. ಎಲ್. ರೈಸ್ ಇದನ್ನೂ ನೆರೆಯ ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟದ ಶಾಸನಗಳನ್ನೂ ಬೆಳಕಿಗೆ ತಂದರು. ಆಮೇಲಿನ ಚರ್ಚೆಯ ಬಹುಭಾಗ ಶಾಸನ ಹೆಸರಿಸುವ ಇಸಿಲ ಯಾವುದು, ಸುವರ್ಣಗಿರಿ ಯಾವುದು, ಕೊನೆಯಲ್ಲಿ ಬರುವ 256 ಎಂಬ ಅಂಕಿ ಯಾವ ಲೆಕ್ಕದ್ದು ಎಂಬುದರ ಸುತ್ತ ನಡೆಯಿತು. ನಾನು ಇಲ್ಲಿ ಹಿಡಿದಿರುವುದು ಆ ಬರಹದ ಎರಡೇ ಪದಗಳನ್ನು: ‘ಅಮಿಸ’ ಮತ್ತು ‘ಮಿಸ’. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಗಿಲಾಯಿತು, ಒಂದು ವರ್ಷ ಹೆಚ್ಚಿನ ಶ್ರಮ ಪಡಲಿಲ್ಲ, ಸಂಘವನ್ನು ಸೇರಿದ ಮೇಲೆ ಚೆನ್ನಾಗಿ ಶ್ರಮಿಸಿದೆ ಎನ್ನುವ ದೊರೆ, ಜಂಬೂದ್ವೀಪದಲ್ಲಿ ದೇವರೊಡನೆ ಬೆರೆಯದಿದ್ದ ಜನ ಈಗ ಬೆರೆತಿದ್ದಾರೆ ಎಂದು ಸಾರುತ್ತಾನೆ.

ಬೆರೆಯದವರು ಬೆರೆತರು. ಮೊದಲು ಹಾಗಿದ್ದರು, ಈಗ ಹೀಗಿದ್ದಾರೆ ಎಂದರೆ ವಿರೋಧ ಉಳಿಯುವುದಿಲ್ಲ. ಆದರೆ ಬೆರೆತ ಆ ಗಳಿಗೆಯಲ್ಲಿ ಅವರು ಏನಾಗಿದ್ದರು? ಅಮಿಸರೋ, ಮಿಸರೋ? ಕೆಲವು ವಿರೋಧಗಳು ನಿಜಕ್ಕೂ ಸತ್ಯ ಎನ್ನುವ ದರ್ಶನ ತನ್ನ ಕಾಲೂರುವುದು ಇಂಥ ಜಾಗದಲ್ಲಿ.

ಆಸ್ಟ್ರೇಲಿಯಾದಲ್ಲಿದ್ದ ತತ್ತ್ವಜ್ಞರಾದ ಗ್ರಹಾಂ ಪ್ರೀಸ್ಟ್ ಮತ್ತು ರಿಚರ್ಡ್ ರೌಟ್ಲಿ 1981ರಲ್ಲಿ ಈ ನಿಲುವಿಗೆ ಡಯಲೆಥಿಯಿಸಮ್ ಎಂದು ಹೆಸರಿಟ್ಟರು. 1987ರಲ್ಲಿ ಬಂದ ಪ್ರೀಸ್ಟರ ‘ಇನ್ ಕಾಂಟ್ರಡಿಕ್ಷನ್’ ಇದರ ಮುಖ್ಯ ಗ್ರಂಥ. ಕನ್ನಡದಲ್ಲಿ ಇದನ್ನು ‘ಉಭಯಸತ್ಯವಾದ’ ಎನ್ನಬಹುದೆಂದು ನನ್ನ ಸೂಚನೆ. ‘ದ್ವಿಸತ್ಯ’ ಎಂದರೆ ಬೌದ್ಧರ ಸಂವೃತಿ-ಪರಮಾರ್ಥಗಳ ವಿಭಾಗ ನೆನಪಾಗುತ್ತದೆ. ಅದು ಎರಡು ನೆಲೆಗಳ ಮಾತು. ಇಲ್ಲಿರುವುದು ಒಂದೇ ನೆಲೆ: ಒಂದು ಹೇಳಿಕೆಯೂ ಅದರ ನಿಷೇಧವೂ ಏಕಕಾಲಕ್ಕೆ, ಒಂದೇ ಅರ್ಥದಲ್ಲಿ ನಿಜ.

ಹೀಗೆಂದ ಕೂಡಲೇ ಬರುವ ಆಕ್ಷೇಪ ಹಳೆಯದು, ಬಲವಾದದ್ದು. ಒಂದು ವಿರೋಧವನ್ನು ಒಪ್ಪಿದರೆ ಎಲ್ಲವನ್ನೂ ಒಪ್ಪಬೇಕಾಗುತ್ತದೆ ಎಂಬುದು ಅದು. ‘ಕೆರೆ ತುಂಬಿದೆ’ ಮತ್ತು ‘ಕೆರೆ ತುಂಬಿಲ್ಲ’ ಎರಡೂ ನಿಜ ಎಂದುಕೊಳ್ಳೋಣ. ಕೆರೆ ತುಂಬಿದೆಯಾದ್ದರಿಂದ ‘ಕೆರೆ ತುಂಬಿದೆ ಅಥವಾ ಚಳ್ಳಕೆರೆಯಲ್ಲಿ ಕಡಲಿದೆ’ ಎಂಬುದೂ ನಿಜ. ಆದರೆ ಕೆರೆ ತುಂಬಿಲ್ಲ. ಮೊದಲ ಆಯ್ಕೆ ಬಿದ್ದುಹೋಯಿತು, ಹಾಗಾಗಿ ಚಳ್ಳಕೆರೆಯಲ್ಲಿ ಕಡಲಿದೆ! ಮಳೆಗೆ ಬಾಯಿಬಿಡುವ ಆ ಬಯಲುಸೀಮೆಗೆ ತರ್ಕವೇ ಕಡಲು ತಂದುಕೊಟ್ಟಿತು. 1979ರಲ್ಲಿ ಮಂಡಿಸಿದ ತರ್ಕದಲ್ಲಿ ಪ್ರೀಸ್ಟ್ ತಡೆಯುವುದು ಕೊನೆಯ ಹೆಜ್ಜೆಯನ್ನು. ‘ತುಂಬಿಲ್ಲ’ ಎಂಬುದು ನಿಜವಾದ ಮಾತ್ರಕ್ಕೆ ‘ತುಂಬಿದೆ’ ಎಂಬ ಆಯ್ಕೆ ಬಿದ್ದುಹೋಗುವುದಿಲ್ಲ, ಏಕೆಂದರೆ ಅದೂ ನಿಜವೆಂದು ನಾವೇ ಒಪ್ಪಿದ್ದೇವೆ. ಈ ಉತ್ತರ ನನಗೆ ಸರಿಯೆನಿಸುತ್ತದೆ. ಉಭಯಸತ್ಯವಾದಿಯನ್ನು ‘ಏನು ಬೇಕಾದರೂ ಹೇಳುವವನು’ ಎಂದು ತಳ್ಳಿಹಾಕುವವರು ಈ ಹೆಜ್ಜೆಯನ್ನು ನೋಡಿಲ್ಲ.

ನಮ್ಮ ಪರಂಪರೆಯಲ್ಲಿ ಇದಕ್ಕೆ ಸಾಕ್ಷಿ ಹುಡುಕುವವರು ಮೊದಲು ಹೋಗುವುದು ಅಲ್ಲಮನ ಬೆಡಗಿನ ಕಡೆಗೆ. ನಾಥರ ನೆನಪು ಹೊತ್ತ ನುಂಕೆಮಲೆ ಮೊಳಕಾಲ್ಮುರಿನ ಪಕ್ಕದಲ್ಲೇ ಇರುವಾಗ ಅಲ್ಲಮ-ಗೋರಕ್ಷರ ಭೇಟಿಯನ್ನು ನೆನೆಯದಿರುವುದೂ ಕಷ್ಟ. ಶೂನ್ಯಸಂಪಾದನೆಯ ಆ ಪ್ರಸಂಗದಲ್ಲಿ ಗೋರಕ್ಷನ ವಜ್ರಕಾಯಕ್ಕೆ ಕತ್ತಿ ತಾಗಿದರೆ ಸದ್ದೇಳುತ್ತದೆ. ಅಲ್ಲಮನತ್ತ ಬೀಸಿದ ಕತ್ತಿ ಬಯಲಲ್ಲಿ ಹಾದಂತೆ ಹಾದುಹೋಗುತ್ತದೆ. ಎದುರಿಗೆ ನಿಂತು ಮಾತಾಡುವವನಿಗೆ ದೇಹವಿದೆ, ದೇಹವಿಲ್ಲ. ಇದು ಉಭಯಸತ್ಯವೇ? ಅಲ್ಲವೆಂದು ನನ್ನ ಖಚಿತ ಅಭಿಪ್ರಾಯ. ಕಾಣುವ ಒಡಲು ಬೇರೆ, ‘ನಾನು’ ಎಂಬ ಅಂಟಿನಿಂದ ಗಟ್ಟಿಯಾದ ಒಡಲು ಬೇರೆ ಎಂದು ತಿಳಿದ ಗಳಿಗೆಯಲ್ಲಿ ವಿರೋಧ ಬಿಚ್ಚಿಕೊಳ್ಳುತ್ತದೆ, ಆ ಬಿಚ್ಚಿಕೊಳ್ಳುವಿಕೆಯೇ ಪ್ರಸಂಗದ ಉದ್ದೇಶ. ಬೆಡಗು ಒಡೆಯಲೆಂದೇ ಕಟ್ಟಿದ್ದು. ಒಡೆಯದ ವಿರೋಧದ ಸಾಲಿನಲ್ಲಿ ಅದನ್ನು ಕೂರಿಸಿದರೆ ವಚನಕಾರನಿಗೂ ತರ್ಕಜ್ಞನಿಗೂ ಅನ್ಯಾಯ.

ಜೈನರ ಸ್ಯಾದ್ವಾದದ ಮಾತೂ ಅಷ್ಟೆ. ಸಮಂತಭದ್ರನ ‘ಆಪ್ತಮೀಮಾಂಸೆ’ ಮತ್ತು ಅದಕ್ಕೆ ಅಕಲಂಕ ಬರೆದ ‘ಅಷ್ಟಶತಿ’ಯ ಸಾಲಿನಲ್ಲಿ ಬೆಳೆದ ವಿಚಾರದಂತೆ ಮಡಕೆ ತನ್ನ ದ್ರವ್ಯ, ಕ್ಷೇತ್ರ, ಕಾಲ, ಭಾವಗಳಿಂದ ‘ಇದೆ’, ಪರದ್ದರಿಂದ ‘ಇಲ್ಲ’. ‘ಸ್ಯಾತ್’ ಎಂಬ ಪದ ಬಂದೊಡನೆ ವಿರೋಧದ ಹಲ್ಲು ಉದುರುತ್ತದೆ. ‘ಅವಕ್ತವ್ಯ’ವೆಂಬ ಭಂಗದಲ್ಲಿ ಮಾತ್ರ, ಎರಡನ್ನೂ ಒಟ್ಟಿಗೆ ನುಡಿಯಹೊರಟಾಗ, ಜೈನರು ಅಂಚಿಗೆ ಬಂದು ಮೌನವಾಗುತ್ತಾರೆ. ಉಭಯಸತ್ಯವಾದಿ ಅಲ್ಲಿ ಮಾತಾಡುತ್ತಾನೆ.

ಹಾಗಾದರೆ ಒರೆಗಲ್ಲು ಯಾವುದು? ಕಾಲ, ದೃಷ್ಟಿ, ಪದದ ಅರ್ಥ ಈ ಮೂರನ್ನೂ ಬಿಡಿಸಿಟ್ಟ ಮೇಲೂ ವಿರೋಧ ಉಳಿಯಬೇಕು. ಹಾಗೆ ಉಳಿಯುವಂಥದ್ದು ಅನುಭಾವದ ಶಿಖರಕ್ಕಿಂತ ಅಂಚುಗಳಲ್ಲಿ ಹೆಚ್ಚಾಗಿ ಸಿಗುತ್ತದೆ ಎಂಬುದೇ ಈ ಲೇಖನದ ವಾದ.

ಮೊಳಕಾಲ್ಮುರು ರೇಷ್ಮೆ ಸೀರೆಯ ಅಂಚನ್ನೇ ನೋಡಿ. ಮೂರು ಲಾಳಿಯ ನೇಯ್ಗೆಯಲ್ಲಿ ಒಡಲಿಗೊಂದು ಲಾಳಿ, ಎರಡು ಅಂಚಿಗೆ ಎರಡು. ಒಡಲಿನ ಹೊಕ್ಕು ಅಂಚಿನ ಹೊಕ್ಕಿನ ಕೊರಳಿಗೆ ಸುತ್ತಿ ಹಿಂದಿರುಗುತ್ತದೆ. ಸೀರೆಯನ್ನು ಬೆಳಕಿಗೆ ಹಿಡಿದು ಹಸಿರು ಒಡಲು ಕೆಂಪು ಅಂಚನ್ನು ಕೂಡುವ ಗೆರೆಯ ಮೇಲೆ ಉಗುರಿಟ್ಟು, ಇದು ಅಂಚೋ ಒಡಲೋ ಎಂದು ಕೇಳಿ. ಎಳೆಯನ್ನು ಬಿಡಿಸಿ ನೋಡಿದರೆ ಪ್ರತಿ ಎಳೆಗೂ ಒಂದೇ ಬಣ್ಣ. ಬಟ್ಟೆಯ ಅಂಚಿಗೆ ಅಗಲವಿದೆ, ಹಾಗಾಗಿ ನೇಕಾರರ ಕೈಯಲ್ಲಿ ವಿರೋಧ ಬಿಡುತ್ತದೆ. ಆದರೆ ಅಗಲವೇ ಇಲ್ಲದ ಗಡಿ? ಅಮೆರಿಕದ ಚಾರ್ಲ್ಸ್ ಪರ್ಸ್ ಕೇಳಿದ ಪ್ರಶ್ನೆ ಇದೇ: ಬಿಳಿ ಹಾಳೆಯ ಮೇಲಿನ ಕಪ್ಪು ಮಚ್ಚೆಯ ಗಡಿಗೆರೆಯ ಬಣ್ಣ ಯಾವುದು? ಎರಡೂ ಬದಿಗೆ ಸಮನಾಗಿ ಸೇರಿದ ಗೆರೆಯನ್ನು ಒಂದು ಬದಿಗೆ ಕೊಡಲು ನಮ್ಮಲ್ಲಿ ಕಾರಣವಿಲ್ಲ.

ನೇಯ್ಗೆಯ ಗಡಿಯಿಂದ ಕಾನೂನಿನ ಗಡಿಗೆ ಬಂದರೆ ಚಳ್ಳಕೆರೆಯ ಕಾವಲುಗಳಿವೆ. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯಿಂದ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆದ ದನಗಳ ಹುಲ್ಲುಗಾವಲು ಪರಂಪರೆಗೆ ಸೇರಿದವು ಅವು. ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ನೆಲ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಹೋದಾಗ ಕುರಿ, ದನ ಮೇಯಿಸುತ್ತಿದ್ದ ಹಳ್ಳಿಗಳು ಹಸಿರು ನ್ಯಾಯಮಂಡಳಿಯ ಕದ ತಟ್ಟಿದವು. 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಅದಕ್ಕೆ ಮುಂಚಿನ ಸ್ಥಿತಿ ಹೀಗಿತ್ತೆಂದುಕೊಳ್ಳೋಣ: ಒಂದು ನಿಯಮದ ಪ್ರಕಾರ ಮೇಯಿಸಲು ಹಕ್ಕಿದೆ, ಇನ್ನೊಂದರ ಪ್ರಕಾರ ಇಲ್ಲ; ಯಾವುದು ಮೇಲು ಎಂದು ಹೇಳುವ ಮೂರನೆಯ ನಿಯಮವಿಲ್ಲ. ಇಂಥ ಸ್ಥಿತಿಯಲ್ಲಿ ಹಕ್ಕು ಇರುವುದೂ ಇಲ್ಲದಿರುವುದೂ ಎರಡೂ ಸತ್ಯ ಎಂದು ಪ್ರೀಸ್ಟ್ ವಾದಿಸುತ್ತಾರೆ. ಇದನ್ನು ನಾನು ಅರ್ಧ ಒಪ್ಪುತ್ತೇನೆ. ತೀರ್ಪು ಬಂದರೆ ಬಗೆಹರಿಯುವಂಥದ್ದು ಜಗತ್ತಿನ ವಿರೋಧವಲ್ಲ, ನಮ್ಮ ಕಟ್ಟಳೆಯ ವಿರೋಧ. ಆದರೆ ತೀರ್ಪಿಗೆ ಮುಂಚಿನ ದಿನ ಕಾವಲಿನ ಅಂಚಿನಲ್ಲಿ ಮಂದೆಯೊಂದಿಗೆ ನಿಂತ ಕುರಿಗಾಹಿಗೆ ಹಕ್ಕು ‘ಇದೆ-ಇಲ್ಲ’ ಎಂಬುದು ಬರೀ ಮಾತಿನ ತೊಡಕಾಗಿರಲಿಲ್ಲ. ಆ ದಿನದ ಮೇವು ಅದರ ಮೇಲೆ ನಿಂತಿತ್ತು.

ಇನ್ನು ಬದಲಾವಣೆಯ ಗಳಿಗೆ. ರಸೆಲ್‌ನ ಪ್ರಕಾರ ಚಲನೆಯೆಂದರೆ ಬೇರೆ ಬೇರೆ ಕ್ಷಣದಲ್ಲಿ ಬೇರೆ ಬೇರೆ ಕಡೆ ಇರುವುದು, ಅಷ್ಟೆ. ಈ ಮತದಲ್ಲಿ ಯಾವ ಒಂದು ಕ್ಷಣವನ್ನು ತೆಗೆದರೂ ಓಡುವ ಹೋರಿಗೂ ನಿಂತ ಹೋರಿಗೂ ವ್ಯತ್ಯಾಸವಿಲ್ಲ. ಪ್ರೀಸ್ಟ್ ಹೆಗೆಲ್‌ನ ಹಾದಿ ಹಿಡಿದು, ಚಲಿಸುವ ವಸ್ತು ಆ ಕ್ಷಣದಲ್ಲಿ ಅಲ್ಲಿದೆ, ಅಲ್ಲಿಲ್ಲ ಎನ್ನುತ್ತಾರೆ. ಅಮಿಸರು ಮಿಸರಾದ ಗಳಿಗೆಯನ್ನು ಕಾಲದ ಭೇದದಿಂದ ಬಿಡಿಸಲಾಗದು, ಅದು ಒಂದೇ ಕ್ಷಣ. ದೃಷ್ಟಿಭೇದವಿಲ್ಲ, ಸಾರುವವನು ಒಬ್ಬನೇ. ಪದದ ಅರ್ಥವೂ ಒಂದೇ, ‘ಅ’ ಎಂಬ ನಿಷೇಧವನ್ನು ಕಳೆದರೆ ಉಳಿಯುವುದು ಅದೇ ಪದ. ಮೂರು ಒರೆಗೂ ಬಗ್ಗದೆ ನಿಂತದ್ದು, ನನ್ನ ಮಟ್ಟಿಗೆ, ಇದೊಂದೇ. ಅದೇ ಶಾಸನದ ಮುಂದಿನ ಭಾಗ ತಾಯಿತಂದೆಯರ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎಂದು ವಿಧಿಸುತ್ತದೆ. ಆ ಗಳಿಗೆಯ ಬಗ್ಗೆ ಸತ್ಯ ನುಡಿಯಬೇಕಾದವನು ಎರಡನ್ನೂ ನುಡಿಯಬೇಕಾಗುತ್ತದೆ.

ಬರಹದ ಕೊನೆಯಲ್ಲಿ ಲಿಪಿಕಾರ ಚಪಡನ ಹೆಸರಿದೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿ, ಎಡದಿಂದ ಬಲಕ್ಕೆ. ಚಪಡ ಬರೆದದ್ದು ಎನ್ನುವವರೆಗೂ ಹಾಗೇ ಸಾಗಿದ ಉಳಿ, ‘ಲಿಪಿಕಾರ’ ಎಂಬ ತನ್ನ ಕಸುಬಿನ ಪದಕ್ಕೆ ಬಂದಾಗ ವಾಯವ್ಯದ ಖರೋಷ್ಠಿಗೆ ಹೊರಳಿ, ಬಲದಿಂದ ಎಡಕ್ಕೆ ಹೋಗುತ್ತದೆ. ಓದುವ ಕಣ್ಣು ಆ ಪದದ ಬಲತುದಿಗೆ ಜಿಗಿದು, ಬಂದ ದಿಕ್ಕಿನ ಕಡೆಗೇ ಹಿಂದಿರುಗಬೇಕು.