ಹಾಟ್ ರಾಡ್: ರೇಡಿಯೇಟರ್ ಮತ್ತು ಹೋಸ್ ಜೋಡಣೆ

ಹಳೆಯ ಕಾರಿನ ಮೈಯಲ್ಲಿ ದೊಡ್ಡ ಎಂಜಿನ್ ಕೂರಿಸಿದ ಗಾಡಿಗೆ ಅಮೆರಿಕದಲ್ಲಿ ಹಾಟ್ ರಾಡ್ ಎನ್ನುತ್ತಾರೆ. 1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅಗ್ಗಕ್ಕೆ ಸಿಗುತ್ತಿದ್ದ ಹಳೆಯ ಫೋರ್ಡ್‌ಗಳ ಮಡ್‌ಗಾರ್ಡ್ ಕಳಚಿ, ಮುರೋಕ್‌ನಂಥ ಒಣಗಿದ ಸರೋವರಗಳ ನೆಲದ ಮೇಲೆ ಜಿದ್ದಿಗೆ ಬಿದ್ದು ಓಡಿಸುತ್ತಿದ್ದರು. ಈಗ ಆ ಕಾಲದ ಅಸಲಿ ಬಾಡಿ ಸಿಗುವುದು ಕಷ್ಟ, ಸಿಕ್ಕರೆ ಬೆಲೆ ದುಬಾರಿ. ಹಾಗಾಗಿ ಫೈಬರ್ ಗ್ಲಾಸ್ ಬಾಡಿ, ಹೊಸ ಚಾಸಿ, ಆಕ್ಸಲ್‌ಗಳನ್ನು ಕಿಟ್ ಆಗಿ ತರಿಸಿಕೊಂಡು ಮನೆಯ ಗ್ಯಾರೇಜಿನಲ್ಲೇ ಜೋಡಿಸುವವರು ಬಹಳ. ಇಂಥ ಕಿಟ್‌ಗಳಲ್ಲಿ ಹೆಚ್ಚು ಕಾಣುವುದು 1932ರ ಫೋರ್ಡ್ ಆಕಾರ, ಅದರೊಳಗೆ ಷೆವರ್ಲೆಯ ಸ್ಮಾಲ್ ಬ್ಲಾಕ್ ವಿ-8 ಎಂಜಿನ್. ಈ ಜೋಡಿಯನ್ನೇ ಎದುರಿಗಿಟ್ಟುಕೊಂಡು ತಂಪಾಗಿಸುವ ವ್ಯವಸ್ಥೆಯನ್ನು ನೋಡೋಣ.

ಬಿಸಿಯಾಗುತ್ತದೆ ಎಂಬ ಹೆಸರು

ಹಾಟ್ ರಾಡ್ ಅಂದರೆ ಟ್ರಾಫಿಕ್‌ನಲ್ಲಿ ಕುದಿಯುವ ಗಾಡಿ ಎಂಬ ಮಾತಿಗೆ ಹಿನ್ನೆಲೆಯಿದೆ. 1932ರಲ್ಲಿ ಫೋರ್ಡ್ ಹೊರತಂದ 221 ಘನ ಇಂಚಿನ, 65 ಅಶ್ವಶಕ್ತಿಯ ಫ್ಲಾಟ್‌ಹೆಡ್ ವಿ-8ರಲ್ಲಿ ಸುಟ್ಟ ಹೊಗೆ ಹೊರಹೋಗುವ ದಾರಿಗಳು ಎಂಜಿನ್ ಬ್ಲಾಕಿನೊಳಗೇ, ಸಿಲಿಂಡರುಗಳ ನಡುವೆ ಹಾದುಹೋಗುತ್ತಿದ್ದವು. ಹೊಗೆಯ ಬಿಸಿಯೆಲ್ಲ ಸುತ್ತಲಿನ ನೀರಿಗೆ ಇಳಿಯುತ್ತಿತ್ತು. ಸಾಲದ್ದಕ್ಕೆ ವಾಟರ್ ಪಂಪ್‌ಗಳು ಹೆಡ್‌ನ ಮೇಲಿದ್ದು, ಅದಾಗಲೇ ಕಾದ ನೀರನ್ನು ಎಳೆಯುತ್ತಿದ್ದವು. ಪಂಪ್ ಕೆಳಗಿಳಿದು ಬ್ಲಾಕಿಗೆ ಬಂದದ್ದು 1937ರಲ್ಲಿ.

1955ರಲ್ಲಿ ಬಂದ ಷೆವರ್ಲೆ ಸ್ಮಾಲ್ ಬ್ಲಾಕ್‌ಗೆ ಈ ದೋಷವಿಲ್ಲ. ಆದರೂ ಕಿಟ್ ಗಾಡಿಗಳು ಕುದಿಯುತ್ತವೆ. ತಪ್ಪು ಬಹುತೇಕ ಎಂಜಿನ್ನಿನದಲ್ಲ, ಜಾಗದ್ದು. 65 ಅಶ್ವಶಕ್ತಿಗೆಂದು ಬಿಟ್ಟಿದ್ದ ಕಿರಿದಾದ ಮೂತಿಯೊಳಗೆ 300ಕ್ಕೂ ಮೀರಿದ ಅಶ್ವಶಕ್ತಿಯ ಎಂಜಿನ್ ಬಂದು ಕೂತಿದೆ. ಪೆಟ್ರೋಲ್ ಉರಿದು ಬರುವ ಶಾಖದಲ್ಲಿ ಸರಿಸುಮಾರು ಮೂರನೇ ಒಂದು ಪಾಲನ್ನು ಆ ಮೂತಿಯ ಮೂಲಕವೇ ಹೊರಗೆ ಹಾಕಬೇಕು.

ರೇಡಿಯೇಟರ್ ಮೊದಲು, ಉಳಿದದ್ದು ಆಮೇಲೆ

ಇವತ್ತಿನ ಕಾರಿನಲ್ಲಿ ರೇಡಿಯೇಟರನ್ನು ಒಂದಿಷ್ಟು ಅತ್ತಿತ್ತ ಸರಿಸಿದರೆ ಹೊರಗಿನವರಿಗೆ ಗೊತ್ತಾಗುವುದಿಲ್ಲ. 1932ರ ಫೋರ್ಡ್‌ನಲ್ಲಿ ಹಾಗಲ್ಲ. ಗ್ರಿಲ್ ಇರುವ ಮುಂಭಾಗದ ಕವಚ ರೇಡಿಯೇಟರಿಗೇ ಬಿಗಿಯಾಗುತ್ತದೆ. ಬಾನೆಟ್‌ನ ಮುಂತುದಿ ಆ ಕವಚದ ಮೇಲೆ, ಹಿಂತುದಿ ಬಾಡಿಯ ಮೇಲೆ ಕೂರುತ್ತದೆ. ರೇಡಿಯೇಟರ್ ಅರ್ಧ ಇಂಚು ವಾಲಿದರೂ ಬಾನೆಟ್ ಮತ್ತು ಬಾಡಿಯ ನಡುವಿನ ಸಂದು ಸೊಟ್ಟಗಾಗಿ ಗಾಡಿಯ ಮುಖವೇ ಕೆಟ್ಟಂತೆ ಕಾಣುತ್ತದೆ. ಆದ್ದರಿಂದ ಬಣ್ಣ ಹೊಡೆಯುವ ಎಷ್ಟೋ ಮುಂಚೆಯೇ ಬಾಡಿ, ರೇಡಿಯೇಟರ್, ಕವಚ, ಬಾನೆಟ್ ನಾಲ್ಕನ್ನೂ ಚಾಸಿಯ ಮೇಲೆ ಒಟ್ಟಿಗೆ ಇಟ್ಟು ನೋಡಬೇಕು. ಎಂಜಿನ್ ಎಲ್ಲಿ ಕೂರಬೇಕೆಂಬುದು ಅದಾದ ನಂತರದ ತೀರ್ಮಾನ. ಎಂಜಿನ್ನನ್ನು ಮೊದಲು ಕೂರಿಸಿ, ಮಿಕ್ಕ ಜಾಗದಲ್ಲಿ ರೇಡಿಯೇಟರ್ ತುರುಕಲು ಹೊರಟವರು ಕೊನೆಗೆ ಫ್ಯಾನಿಗೆ ಜಾಗವಿಲ್ಲದೆ ಒದ್ದಾಡುತ್ತಾರೆ.

ಷೆವರ್ಲೆ ಎಂಜಿನ್ನಿನ ಡಿಸ್ಟ್ರಿಬ್ಯೂಟರ್ ಹಿಂಬದಿಯಲ್ಲಿ, ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆಯಾದ ಫೈರ್‌ವಾಲಿಗೆ ತಾಗುವ ಹಾಗೆ ಇರುತ್ತದೆ. ಫೈರ್‌ವಾಲಿನಲ್ಲಿ ಒಂದು ಗುಂಡಿ ಮಾಡಿಸಿದರೆ ಎಂಜಿನ್ ಹಿಂದಕ್ಕೆ ಸರಿದು ಮುಂದೆ ಜಾಗವಾಗುತ್ತದೆ. ಇನ್ನೊಂದು ಉಪಾಯ ಪಂಪಿನದು. ಸ್ಮಾಲ್ ಬ್ಲಾಕಿಗೆ ಉದ್ದದ ಪಂಪ್, ಗಿಡ್ಡ ಪಂಪ್ ಎಂದು ಎರಡು ಬಗೆ ಸಿಗುತ್ತವೆ. ಗಿಡ್ಡದ್ದನ್ನು ಹಾಕಿದರೆ ಸುಮಾರು 33 ಮಿ.ಮೀ. ಉಳಿಯುತ್ತದೆ, ಆದರೆ ಪುಲ್ಲಿಗಳನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕು. ಹಾಟ್ ರಾಡ್‌ನಲ್ಲಿ 33 ಮಿ.ಮೀ. ಎಂದರೆ ಫ್ಯಾನ್ ಹಿಡಿಯುತ್ತದೋ ಇಲ್ಲವೋ ಎಂಬುದರ ವ್ಯತ್ಯಾಸ.

ಕೆಲವರು ಗಾಡಿ ತಗ್ಗಾಗಿ ಕಾಣಲೆಂದು ಬಾಡಿಯನ್ನು ಚಾಸಿಯ ಮೇಲೆ ಕೆಳಕ್ಕಿಳಿಸುತ್ತಾರೆ. ಆಗ ಕವಚವನ್ನೂ ರೇಡಿಯೇಟರನ್ನೂ ಗಿಡ್ಡ ಮಾಡಿಸಬೇಕಾಗುತ್ತದೆ. ರೇಡಿಯೇಟರಿನ ಟ್ಯೂಬುಗಳಿರುವ ಭಾಗ, ಅಂದರೆ ಕೋರ್, ಎಷ್ಟು ಗಿಡ್ಡವಾಯಿತೋ ಅಷ್ಟು ತಂಪು ಕಳೆದುಹೋಯಿತು ಎಂದೇ ಲೆಕ್ಕ. ದಪ್ಪ ಕೋರ್ ಹಾಕಿ ಅದನ್ನು ಸರಿದೂಗಿಸಬಹುದು ಎನ್ನುವವರಿದ್ದಾರೆ. ಆದರೆ ದಪ್ಪವಾದಷ್ಟೂ ಗಾಳಿ ನುಗ್ಗುವುದು ಕಷ್ಟ. ಹಿಂದಿನ ಸಾಲಿನ ಟ್ಯೂಬುಗಳಿಗೆ ತಲುಪುವುದು ಮುಂದಿನ ಸಾಲು ಆಗಲೇ ಕಾಯಿಸಿದ ಗಾಳಿ.

ತಾಮ್ರವೋ ಅಲ್ಯೂಮಿನಿಯಮ್ಮೋ

ಶಾಖ ಹರಿಸುವುದರಲ್ಲಿ ತಾಮ್ರವೇ ಮುಂದು. ಆದರೂ ಅಲ್ಯೂಮಿನಿಯಂ ರೇಡಿಯೇಟರ್ ಹಿಂದೆ ಬೀಳುವುದಿಲ್ಲ. ಅದು ಹಗುರ, ಗಟ್ಟಿ. ಹಾಗಾಗಿ ಒಂದಿಂಚು ಅಗಲದ ಟ್ಯೂಬ್ ಹಾಕಿದರೂ ಒತ್ತಡಕ್ಕೆ ಉಬ್ಬುವುದಿಲ್ಲ, ಬೆಸುಗೆಯ ಸೀಸವೂ ಶಾಖಕ್ಕೆ ಅಡ್ಡ ಬರುವುದಿಲ್ಲ. ಹಳೆಯ ನೋಟವೇ ಬೇಕೆನ್ನುವವರು ತಾಮ್ರ-ಹಿತ್ತಾಳೆಯದನ್ನು ಆರಿಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ.

ಕೂರಿಸುವ ಬಗೆ

ರೇಡಿಯೇಟರನ್ನು ಚಾಸಿಗೆ ನೇರವಾಗಿ ಬಿಗಿಯಬಾರದು. ರಸ್ತೆಯ ಹಳ್ಳದಲ್ಲಿ ಚಾಸಿ ತಿರುಚಿಕೊಂಡಾಗ ಆ ತಿರುಚು ಟ್ಯೂಬಿನ ಬೆಸುಗೆಗೆ ಹೋಗುತ್ತದೆ, ಸ್ವಲ್ಪ ದಿನದಲ್ಲೇ ಸೋರಿಕೆ ಶುರು. ಕೆಳಗೆ ರಬ್ಬರ್ ಪ್ಯಾಡ್ ಇಟ್ಟು, ಬೋಲ್ಟಿಗೆ ಲಾಕ್ ನಟ್ ಹಾಕಿ, ರಬ್ಬರ್ ಸ್ವಲ್ಪ ಒತ್ತುವಷ್ಟೇ ಬಿಗಿಯಬೇಕು. ಮೇಲ್ಭಾಗವನ್ನು ಫೈರ್‌ವಾಲಿನಿಂದ ಬರುವ ಎರಡು ಸಪೂರ ಸರಳುಗಳು ಹಿಡಿಯುತ್ತವೆ. ಸರಳಿನ ತುದಿಯ ನಟ್ ತಿರುಗಿಸಿ ವಾಲಿಕೆ ಸರಿಪಡಿಸಬಹುದು. ಬಾನೆಟ್‌ನ ಸಂದು ಹೊಂದಿಸುವ ಕೆಲಸವೂ ಅಲ್ಲೇ ಮುಗಿಯುತ್ತದೆ.

ಫ್ಯಾನನ್ನು ಕೋರಿನ ಹಿಂಬದಿಗಿಟ್ಟು ಗಾಳಿಯನ್ನು ಎಳೆಸುವುದು ಮೇಲು. ಅದರ ಸುತ್ತ ತಗಡಿನ ಅಥವಾ ಪ್ಲಾಸ್ಟಿಕ್ಕಿನ ಶ್ರೌಡ್ ಇಲ್ಲದಿದ್ದರೆ ರೆಕ್ಕೆ ತಿರುಗುವ ವೃತ್ತದ ಎದುರಿನ ಕೋರ್ ಮಾತ್ರ ತಂಪಾಗುತ್ತದೆ, ನಾಲ್ಕು ಮೂಲೆಗಳು ದಂಡ. ಬೆಲ್ಟಿನಿಂದ ತಿರುಗುವ ಫ್ಯಾನಾದರೆ ರೆಕ್ಕೆ ಅರ್ಧ ಶ್ರೌಡಿನ ಒಳಗೆ, ಅರ್ಧ ಹೊರಗೆ ಇರಬೇಕೆಂಬುದು ಕಸುಬಿನವರ ರೂಢಿ. ಎಲೆಕ್ಟ್ರಿಕ್ ಫ್ಯಾನನ್ನು ಕೋರಿನ ಸಂದಿನಲ್ಲಿ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಕಟ್ಟುವ ಕಿಟ್‌ಗಳಿವೆ; ಅವನ್ನು ದೂರವಿಡಿ. ಅದುರಿ ಅದುರಿ ಆ ಕಡ್ಡಿ ಟ್ಯೂಬನ್ನೇ ಸವೆಸುತ್ತದೆ. ದೊಡ್ಡ ಫ್ಯಾನ್ 20ರಿಂದ 30 ಆಂಪ್ ಎಳೆಯುವುದರಿಂದ ಸ್ವಿಚ್ಚಿಗೆ ನೇರ ವೈರ್ ಕೊಡದೆ ರಿಲೇ ಮತ್ತು ಫ್ಯೂಸ್ ಹಾಕಬೇಕು. ಫೈಬರ್ ಬಾಡಿಯಲ್ಲಿ ವಿದ್ಯುತ್ ಹರಿಯುವುದಿಲ್ಲ ಎಂಬುದನ್ನು ಹೊಸಬರು ಮರೆಯುತ್ತಾರೆ. ಅರ್ಥ್ ವೈರನ್ನು ಬೇರೆಯಾಗಿ ಚಾಸಿಗೋ ಬ್ಯಾಟರಿಗೋ ಎಳೆಯಲೇಬೇಕು. ಅರ್ಥ್ ಸರಿಯಿಲ್ಲದಿದ್ದರೆ ಕರೆಂಟ್ ಕೂಲಂಟ್ ಮೂಲಕ ದಾರಿ ಹುಡುಕಿಕೊಂಡು ಅಲ್ಯೂಮಿನಿಯಮ್ಮನ್ನು ಒಳಗಿಂದ ತಿನ್ನುತ್ತದೆ.

ಒಳಬಂದ ಗಾಳಿ ಹೊರಹೋಗುವ ದಾರಿಯನ್ನೂ ನೋಡಬೇಕು. ಬಾನೆಟ್ಟೇ ಇಲ್ಲದ ಗಾಡಿಗೆ ಚಿಂತೆಯಿಲ್ಲ. ಪಕ್ಕಗಳನ್ನು ನುಣುಪಾಗಿ ಮುಚ್ಚಿಸಿದರೆ ಬಿಸಿಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಹಳೆಯ ಬಾನೆಟ್‌ನ ಪಕ್ಕದಲ್ಲಿ ಸಾಲಾಗಿ ಕೊರೆದ ಸೀಳುಗಳು ಬರೀ ಅಂದಕ್ಕಲ್ಲ.

ಹೋಸ್‌ಗಳು

ಬಿಸಿನೀರು ಎಂಜಿನ್ ಮೇಲಿನ ಥರ್ಮೋಸ್ಟಾಟ್ ಡಬ್ಬಿಯಿಂದ ಮೇಲಿನ ಹೋಸ್ ಮೂಲಕ ರೇಡಿಯೇಟರಿಗೆ ಹೋಗಿ, ತಣಿದು, ಕೆಳಗಿನ ಹೋಸ್ ಮೂಲಕ ಪಂಪಿಗೆ ಮರಳುತ್ತದೆ. ಸ್ಮಾಲ್ ಬ್ಲಾಕಿಗೆ ಮೇಲಿನದು ಸಾಮಾನ್ಯವಾಗಿ ಒಂದೂವರೆ ಇಂಚು, ಕೆಳಗಿನದು ಒಂದೂಮುಕ್ಕಾಲು ಇಂಚು. ರೇಡಿಯೇಟರ್ ಆರ್ಡರ್ ಮಾಡುವಾಗ ಯಾವ ಎಂಜಿನ್, ಯಾವ ಪಂಪ್ ಎಂದು ಹೇಳಿಯೇ ತರಿಸಬೇಕು. ಷೆವರ್ಲೆ ಪಂಪಿನ ಬಾಯಿ ಬಲಗಡೆ ಇರುತ್ತದೆ. ಫೋರ್ಡ್ 302 ಎಂಜಿನ್ನಿನಲ್ಲಿ ಪಂಪ್ ಯಾವ ಕಾಲದ್ದು ಎಂಬುದರ ಮೇಲೆ ಅದು ಎಡವೂ ಆಗಬಹುದು, ಬಲವೂ ಆಗಬಹುದು. ರೇಡಿಯೇಟರಿನ ಬಾಯಿ ಎದುರು ಬದಿಗೆ ಬಂದರೆ ಹೋಸ್ ಫ್ಯಾನಿನ ಕೆಳಗೆ ಅಡ್ಡಡ್ಡ ಹೋಗಬೇಕಾಗುತ್ತದೆ.

ಕಿಟ್ ಗಾಡಿಗೆ ಹೇಳಿ ಮಾಡಿಸಿದ ಹೋಸ್ ಅಂಗಡಿಯಲ್ಲಿ ಸಿಗುವುದು ಅಪರೂಪ. ಎಲ್ಲಿ ಬೇಕಾದರೂ ಬಾಗುವ ಸುರುಳಿ ಮಡಿಕೆಯ ಹೋಸ್ ಕಂಡಾಗ ಮನಸ್ಸು ಅತ್ತ ಓಡುತ್ತದೆ, ಆದರೆ ಮಡಿಕೆಗಳು ಹರಿವಿಗೆ ತಡೆ, ನೋಡಲೂ ಚೆಂದವಿಲ್ಲ. ಗಟ್ಟಿ ತಂತಿಯೊಂದನ್ನು ಬೇಕಾದ ಆಕಾರಕ್ಕೆ ಬಗ್ಗಿಸಿ, ಅದನ್ನು ಅಂಗಡಿಗೆ ಒಯ್ದು, ಯಾವ ಕಾರಿನದಾದರೂ ಸರಿ, ಆ ಬಾಗಿಗೆ ಹೊಂದುವ ಅಚ್ಚಿನ ಹೋಸ್ ಹುಡುಕುವುದು ಉತ್ತಮ. ಅದೂ ಸಿಗದಿದ್ದರೆ ನಡುವೆ ಸ್ಟೀಲ್ ಪೈಪ್ ಹಾಕಿ, ಎರಡೂ ತುದಿಗೆ ಗಿಡ್ಡ ರಬ್ಬರ್ ತುಂಡು ಜೋಡಿಸಬಹುದು. ಪೂರ್ತಿ ಪೈಪೇ ಬೇಡ. ಎಂಜಿನ್ ತನ್ನ ರಬ್ಬರ್ ಮೌಂಟ್ ಮೇಲೆ ಹೊಯ್ದಾಡುತ್ತದೆ, ರೇಡಿಯೇಟರ್ ಹಾಗಿಲ್ಲ. ಆ ಅಲುಗಾಟ ನುಂಗಲು ರಬ್ಬರ್ ಇರಬೇಕು.

ಪೈಪಿನ ತುದಿಯಲ್ಲಿ ಸುತ್ತಲೂ ಉಬ್ಬಿದ ಬಳೆ ಇರಲೇಬೇಕು. ನುಣುಪು ತುದಿಗೆ ಎಷ್ಟು ಬಿಗಿದರೂ ಒತ್ತಡ ಬಂದಾಗ ಹೋಸ್ ಕಳಚಿ ಹಾರುತ್ತದೆ. ಕ್ಲಿಪ್ ಆ ಬಳೆಯನ್ನು ದಾಟಿ ಒಳಗೆ ಕೂರಬೇಕು, ಬಳೆಯ ಮೇಲಲ್ಲ. ಕೆಳಗಿನ ಹೋಸ್ ಪಂಪಿನ ಎಳೆತಕ್ಕೆ ಸಿಕ್ಕುವುದು. ಉದ್ದವಾಗಿದ್ದು ಮೆತ್ತಗಿದ್ದರೆ ಎಂಜಿನ್ ವೇಗ ಏರಿದಾಗ ಚಪ್ಪಟೆಯಾಗಿ ನೀರೇ ನಿಂತುಹೋಗಬಹುದು. ಅದರೊಳಗೆ ತಂತಿಯ ಸ್ಪ್ರಿಂಗ್ ಹಾಕುವುದು ಇದಕ್ಕೇ.

ಬೆಲ್ಟನ್ನು ಹೊಸ ಮಾದರಿಗೆ ಬದಲಿಸಿದವರು ಇನ್ನೊಂದು ನೋಡಿಕೊಳ್ಳಲಿ. ಬೆಲ್ಟಿನ ಬೆನ್ನು ತಾಗಿ ಪಂಪ್ ತಿರುಗುವಂತಿದ್ದರೆ ಅದು ಉಲ್ಟಾ ತಿರುಗುತ್ತದೆ, ಅದಕ್ಕೆ ಉಲ್ಟಾ ತಿರುಗುವ ಪಂಪೇ ಬೇಕು. ಹಳೆಯ ಪಂಪನ್ನೇ ಬಿಟ್ಟರೆ ಎಲ್ಲ ಹೊಸದಿದ್ದರೂ ಗಾಡಿ ಕುದಿಯುತ್ತದೆ, ಕಾರಣ ಹೊರಗೆ ಕಾಣುವುದಿಲ್ಲ.

ಮುಚ್ಚಳ, ಎತ್ತರ, ಸಿಕ್ಕಿಕೊಂಡ ಗಾಳಿ

ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳವಲ್ಲ, ಅದೊಂದು ವಾಲ್ವ್. 15 ಪಿಎಸ್‌ಐ ಮುಚ್ಚಳ ಹಾಕಿದರೆ ಬರೀ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಅರ್ಧಕ್ಕರ್ಧ ಕೂಲಂಟ್ ಬೆರೆಸಿದ್ದು ಇನ್ನೂ ಎಂಟೊಂಬತ್ತು ಡಿಗ್ರಿ ಹೆಚ್ಚು ತಡೆಯುತ್ತದೆ. ಉಕ್ಕಿದ್ದು ಮುಚ್ಚಳದ ಪಕ್ಕದ ಸಣ್ಣ ಪೈಪಿನಿಂದ ಡಬ್ಬಿಗೆ ಹೋಗಿ, ತಣಿದಾಗ ವಾಪಸ್ ಬರಬೇಕು. ಆ ಪೈಪ್ ಡಬ್ಬಿಯ ತಳದವರೆಗೆ ಇಳಿದಿರದಿದ್ದರೆ ವಾಪಸ್ ಬರುವುದು ಗಾಳಿ.

ನೀರು ತುಂಬುವ ಬಾಯಿ ಇಡೀ ವ್ಯವಸ್ಥೆಯಲ್ಲೇ ಎತ್ತರದಲ್ಲಿರಬೇಕು. ತಗ್ಗಿಸಿದ ಗಾಡಿಯಲ್ಲಿ ರೇಡಿಯೇಟರಿಗಿಂತ ಥರ್ಮೋಸ್ಟಾಟ್ ಡಬ್ಬಿಯೇ ಮೇಲಾಗಿ, ಗಾಳಿ ಅಲ್ಲಿ ಹೋಗಿ ಕೂರುತ್ತದೆ. ಅಂಥಲ್ಲಿ ಮೇಲಿನ ಹೋಸಿನ ನಡುವೆಯೇ ಮುಚ್ಚಳವಿರುವ ಪೈಪ್ ತುಂಡು ಹಾಕುತ್ತಾರೆ. ಥರ್ಮೋಸ್ಟಾಟಿನ ತಟ್ಟೆಗೆ 3 ಮಿ.ಮೀ. ತೂತು ಕೊರೆದರೂ ಗಾಳಿ ನುಸುಳಿ ಹೋಗುತ್ತದೆ. ಥರ್ಮೋಸ್ಟಾಟನ್ನೇ ಕಿತ್ತೆಸೆದರೆ ಗಾಡಿ ತಂಪಾಗುತ್ತದೆಂಬ ನಂಬಿಕೆ ಹಳೆಯದು, ಹಠಮಾರಿಯೂ ಹೌದು. ಹಾಗೆ ಮಾಡಿದರೆ ಎಂಜಿನ್ ಸರಿಯಾಗಿ ಕಾಯದೆ ಆಯಿಲ್ ಕೆಡುತ್ತದೆ. 82 ಡಿಗ್ರಿಯದು ಇಂಥ ಗಾಡಿಗೆ ಸಾಕು.

ತುಂಬಿಸಿ ಪರೀಕ್ಷಿಸುವುದು

ಮೊದಲು ಒಳಗೆಲ್ಲ ತೊಳೆಯಬೇಕು. ಹಳೆಯ ಬ್ಲಾಕಿನ ತುಕ್ಕು ಹೊಸ ರೇಡಿಯೇಟರಿನ ಟ್ಯೂಬಿಗೆ ಹೋಗಿ ಕೂರುತ್ತದೆ. ಆಮೇಲೆ ಕೈಪಂಪಿನಿಂದ ಮುಚ್ಚಳದ ಒತ್ತಡದಷ್ಟೇ ಗಾಳಿ ಕೊಟ್ಟು ಕಾಲು ಗಂಟೆ ಬಿಟ್ಟು, ಮುಳ್ಳು ಇಳಿಯಿತೇ ನೋಡಬೇಕು. ಡಿಸ್ಟಿಲ್ಡ್ ನೀರು, ಕೂಲಂಟ್ ಸಮಸಮ ಬೆರೆಸಿ, ಮೂತಿಯನ್ನು ಜಾಕ್‌ನಲ್ಲಿ ಎತ್ತಿಟ್ಟು ನಿಧಾನ ತುಂಬಬೇಕು. ನಂತರ ಮುಚ್ಚಳ ಹಾಕದೆಯೇ ಎಂಜಿನ್ ಓಡಿಸಬೇಕು. ಮೇಲಿನ ಹೋಸ್ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ತೆರೆಯಿತು ಎಂದರ್ಥ. ಆಗ ಮಟ್ಟ ಇಳಿಯುತ್ತದೆ, ಮತ್ತೆ ತುಂಬಿ ಮುಚ್ಚಬೇಕು. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ರುಚಿಯ ವಿಷ, ನಾಯಿ ಬೆಕ್ಕು ನೆಕ್ಕುತ್ತವೆ. ನೆಲಕ್ಕೆ ಚೆಲ್ಲಿದ್ದನ್ನು ಕೂಡಲೇ ತೊಳೆಯಬೇಕು. ಮೊದಲ ಓಟದ ಬಿಸಿಗೆ ರಬ್ಬರ್ ಮೆತ್ತಗಾಗಿ ಕ್ಲಿಪ್ಪುಗಳು ಸಡಿಲವಾಗುತ್ತವೆ. ಎಂಜಿನ್ ಪೂರ್ತಿ ತಣಿದ ಮೇಲೆ ಒಂದೊಂದನ್ನೂ ಮತ್ತೆ ಅರ್ಧ ಸುತ್ತು ಬಿಗಿಯಬೇಕು.