ಕನ್ನಡಕ ಬಿಡಿಸೋ ಲೇಸರ್: ಯಾರಿಗೆ ಸರಿ, ಯಾರಿಗೆ ಬೇಡ?

ಚಳ್ಳಕೆರೆ: ಕನ್ನಡಕ ಬಿಡಬೇಕು ಅಂತ ಲೇಸರ್ ಆಪರೇಷನ್‌ಗೆ ದುಡ್ಡು ಹೊಂದಿಸೋ ಮೊದಲು ಇಷ್ಟು ತಿಳಿದಿರಲಿ.

ಯಾರಿಗೆ ಮಾಡಬಹುದು: 18 ವರ್ಷ ದಾಟಿರಬೇಕು. ನಂಬರ್ ಕನಿಷ್ಠ ಒಂದು ವರ್ಷದಿಂದ ಬದಲಾಗಿರಬಾರದು. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಸಾಕಷ್ಟು ದಪ್ಪ ಇರಬೇಕು. ಲೇಸರ್ ಸವೆಸೋದು ಅದನ್ನೇ.

ಯಾರಿಗೆ ಬೇಡ: ಕಾರ್ನಿಯಾ ತೆಳುವಾಗಿ ಉಬ್ಬುವ ಕೆರಟೋಕೋನಸ್ ಇದ್ದವರಿಗೆ, ಕಣ್ಣು ತೀರಾ ಒಣಗುವವರಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ.

ಮೊಳಕಾಲ್ಮುರು ನೇಕಾರರು ಗಮನಿಸಿ: 40 ದಾಟಿದ ಮೇಲೆ ಹತ್ತಿರದ್ದು ಮಸುಕಾಗೋದು ವಯಸ್ಸಿನ ತೊಂದರೆ. ದೂರದ ನಂಬರ್ ಇದ್ದು, ಈಗ ಕನ್ನಡಕ ತೆಗೆದು ರೇಷ್ಮೆ ಎಳೆ ನೋಡುವವರಿಗೆ, ಲೇಸರ್ ಆದಮೇಲೆ ಮಗ್ಗದ ಮುಂದೆಯೇ ಕನ್ನಡಕ ಬೇಕಾದೀತು. ನಿಮ್ಮ ಕೆಲಸ ಏನಂತ ಡಾಕ್ಟರಿಗೆ ಮೊದಲೇ ಹೇಳಿ.

ಕಾರ್ನಿಯಾ ಸ್ಕ್ಯಾನ್ ಆಗದೆ ಆಪರೇಷನ್‌ಗೆ ಒಪ್ಪಬೇಡಿ. ಸ್ಕ್ಯಾನ್ ನೋಡಿ ಡಾಕ್ಟರು ಬೇಡ ಅಂದರೆ, ಬೇರೆ ಕಡೆ ಮಾಡಿಸೋಕೆ ಓಡಬೇಡಿ.